ವಿಯೆನ್ನಾದ ಮೆಟ್ಟಿಲು, ತರ್ಕದ ಮೆಟ್ಟಿಲು

ವಿಯೆನ್ನಾಕ್ಕೆ ಬರುವ ಪ್ರವಾಸಿಗರಿಗೆ ನೋಡಲು ಬೇಕಾದಷ್ಟಿದೆ. ಚಕ್ರವರ್ತಿಗಳ ಅರಮನೆಗಳಿವೆ, ಮೊಜಾರ್ಟ್ ಮತ್ತು ಬೀಥೋವನ್ ಬಾಳಿದ ಮನೆಗಳಿವೆ, ಹಳೆಯ ಕೋಟೆಗೋಡೆ ಕೆಡವಿದ ಜಾಗದಲ್ಲಿ ಕಟ್ಟಿದ ರಿಂಗ್‌ಸ್ಟ್ರಾಸ್ ಎಂಬ ವೈಭವದ ವರ್ತುಲ ರಸ್ತೆಯಿದೆ. ಆ ರಸ್ತೆಯ ಬದಿಯಲ್ಲೇ 1884ರಲ್ಲಿ ತೆರೆದ ವಿಶ್ವವಿದ್ಯಾನಿಲಯದ ಮುಖ್ಯ ಕಟ್ಟಡವೂ ಇದೆ. ಪ್ರವಾಸಿಗರ ಗುಂಪುಗಳು ಅದರ ಮುಂದೆ ಒಂದು ಕ್ಷಣ ನಿಂತು, ಫೋಟೋ ತೆಗೆದುಕೊಂಡು ಮುಂದೆ ಸಾಗುತ್ತವೆ.

ಅಲ್ಲಿಯೇ ಶೋಟನ್‌ಟೋರ್ ಎಂಬ ಟ್ರಾಮ್ ನಿಲ್ದಾಣ. ಅಲ್ಲಿಂದ ವೇರಿಂಗರ್ ಸ್ಟ್ರಾಸ್ ಹಿಡಿದು ಹದಿನೈದು ನಿಮಿಷ ನಡೆದರೆ ಬಲಗಡೆಗೆ ಬೋಲ್ಟ್ಸ್‌ಮನ್ ಗಾಸ್ಸೆ ಎಂಬ ಬೀದಿ ಸಿಗುತ್ತದೆ. ‘ಗಾಸ್ಸೆ’ ಎಂದರೆ ಜರ್ಮನ್ ಭಾಷೆಯಲ್ಲಿ ಬೀದಿ. ಅನಿಲಗಳ ಅಣುಗಳಿಗೆ ಲೆಕ್ಕ ಹಾಕಿಕೊಟ್ಟ ಲುಡ್ವಿಗ್ ಬೋಲ್ಟ್ಸ್‌ಮನ್‌ನ ಹೆಸರು ಈ ಬೀದಿಗೆ. ಐದನೆಯ ನಂಬರಿನ ಕಟ್ಟಡ ಭೌತಶಾಸ್ತ್ರದವರದು. 1920ರ ದಶಕದಲ್ಲಿ ಗಣಿತ ವಿಭಾಗವೂ ಇಲ್ಲಿಯೇ ಇತ್ತು. ಇದರ ನೆಲ ಅಂತಸ್ತಿನ ಒಂದು ಸಾಧಾರಣ ಕೊಠಡಿಯಲ್ಲಿ ಗುರುವಾರದ ಸಂಜೆಗಳಂದು ಹತ್ತಿಪ್ಪತ್ತು ಮಂದಿ ಸೇರುತ್ತಿದ್ದರು. ತತ್ವಶಾಸ್ತ್ರದ ಪ್ರಾಧ್ಯಾಪಕ ಮೊರಿಟ್ಜ್ ಶ್ಲಿಕ್, ಗಣಿತದ ಹಾನ್ಸ್ ಹಾನ್, ತರ್ಕಶಾಸ್ತ್ರದ ರುಡಾಲ್ಫ್ ಕಾರ್ನಾಪ್ ಇವರೆಲ್ಲ ಅಲ್ಲಿದ್ದರು. ‘ವಿಯೆನ್ನಾ ವೃತ್ತ’ ಎಂದು ಮುಂದೆ ಜಗತ್ಪ್ರಸಿದ್ಧವಾದ ಕೂಟ ಇದು. ಯಾವ ಮಾತಿಗೆ ಅರ್ಥವಿದೆ, ಯಾವುದಕ್ಕೆ ಇಲ್ಲ, ಒಂದು ಮಾತು ನಿಜವೆಂದು ತಿಳಿಯುವುದು ಹೇಗೆ ಎಂಬುದೇ ಅಲ್ಲಿನ ಚರ್ಚೆ.

ಆ ಕೂಟಕ್ಕೆ ಹಾನ್ ಅವರ ಜೊತೆ ಕನ್ನಡಕ ಹಾಕಿದ, ತೆಳ್ಳನೆಯ ಒಬ್ಬ ವಿದ್ಯಾರ್ಥಿಯೂ ಬರುತ್ತಿದ್ದ. ಅವನು ಮಾತನಾಡುತ್ತಿದ್ದುದು ಬಲು ಕಡಿಮೆ. ಹೆಸರು ಕುರ್ಟ್ ಗೋಡೆಲ್. ಈ ಮೌನಿ ಹುಡುಗ 23ನೆಯ ವಯಸ್ಸಿನಲ್ಲಿ ಬರೆದ ಪಿಎಚ್.ಡಿ. ಪ್ರಬಂಧ, ‘ಸಾಧಿಸಿ ತೋರಿಸಿ’ ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಎದುರಿಸುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಭರವಸೆಯನ್ನು ಕೊಡುತ್ತದೆ. ಆ ಭರವಸೆ ಏನು, ಅದರ ಮಿತಿ ಎಲ್ಲಿ ಎಂಬುದನ್ನು ಈ ಬೀದಿಗಳಲ್ಲಿ ನಡೆಯುತ್ತಲೇ ತಿಳಿಯಬಹುದು.

‘ಯಾಕೆ’ ಮಹಾಶಯ

ಗೋಡೆಲ್ ಹುಟ್ಟಿದ್ದು 1906ರ ಏಪ್ರಿಲ್ 28ರಂದು, ಬ್ರುನ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಚಕ್ರಾಧಿಪತ್ಯಕ್ಕೆ ಸೇರಿತ್ತು. ಈಗ ಬ್ರನೊ ಎಂಬ ಹೆಸರಿನಲ್ಲಿ ಚೆಕ್ ಗಣರಾಜ್ಯದಲ್ಲಿದೆ. ಬಟ್ಟೆ ಗಿರಣಿಗಳ ಊರು. ತಂದೆಗೆ ಅಂಥ ಒಂದು ಗಿರಣಿಯಲ್ಲೇ ಆಡಳಿತದ ಕೆಲಸ. ಕಂಡದ್ದಕ್ಕೆಲ್ಲ ಯಾಕೆ ಯಾಕೆ ಎಂದು ಪ್ರಶ್ನಿಸುತ್ತಿದ್ದ ಈ ಮಗುವಿಗೆ ಮನೆಯವರು ‘ಯಾಕೆ ಮಹಾಶಯ’ ಎಂದೇ ಅಡ್ಡಹೆಸರಿಟ್ಟಿದ್ದರು.

1924ರಲ್ಲಿ ಹುಡುಗ ವಿಯೆನ್ನಾಕ್ಕೆ ಓದಲು ಬಂದ. ಮೊದಲು ಮನಸ್ಸಿದ್ದುದು ಭೌತಶಾಸ್ತ್ರದ ಮೇಲೆ. ಅದನ್ನು ಗಣಿತದತ್ತ ತಿರುಗಿಸಿದವರು ಫುರ್ಟ್‌ವೆಂಗ್ಲರ್ ಎಂಬ ಪ್ರಾಧ್ಯಾಪಕರು. ಕುತ್ತಿಗೆಯಿಂದ ಕೆಳಗೆ ಪಾರ್ಶ್ವವಾಯು ಬಡಿದಿದ್ದ ಅವರು ಗಾಲಿಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಸಂಖ್ಯಾ ಸಿದ್ಧಾಂತದ ಪಾಠ ಹೇಳುತ್ತಿದ್ದರು. ಸಹಾಯಕರೊಬ್ಬರು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರು. ಆ ಪಾಠಕ್ಕೆ ಕೊಠಡಿ ತುಂಬಿ ತುಳುಕುತ್ತಿತ್ತು. ಒಳ್ಳೆಯ ಮೇಷ್ಟ್ರೊಬ್ಬರು ಒಬ್ಬ ಹುಡುಗನ ದಾರಿಯನ್ನೇ ಬದಲಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿಶ್ವವಿದ್ಯಾನಿಲಯದ ಪಶ್ಚಿಮಕ್ಕೆ ಯೋಸೆಫ್‌ಸ್ಟಾಟ್ ಎಂಬ ಬಡಾವಣೆ. ನಾಲ್ಕೈದು ಮಹಡಿಗಳ ಹಳೆಯ ಮನೆಗಳು, ಕಿರಿದಾದ ಬೀದಿಗಳು. ಲಾಂಗೆ ಗಾಸ್ಸೆಯಲ್ಲಿ, ಆಮೇಲೆ ಯೋಸೆಫ್‌ಸ್ಟೇಟರ್ ಸ್ಟ್ರಾಸ್‌ನ 43ನೆಯ ನಂಬರಿನ ಮನೆಯಲ್ಲಿ ಗೋಡೆಲ್ ವಾಸವಿದ್ದ. 1929ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಅವನ ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿತು. ಕೊನೆಗೆ ತಾಯಿ ಬ್ರನೊ ಬಿಟ್ಟು, ವಿಯೆನ್ನಾದಲ್ಲಿ ವೈದ್ಯನಾಗಿದ್ದ ಹಿರಿಯ ಮಗ ಮತ್ತು ಕುರ್ಟ್ ಇಬ್ಬರ ಜೊತೆಯಲ್ಲಿ ಬಂದು ನೆಲೆಸಿದರು. ಮನೆಯಲ್ಲಿ ಸಾವಾದ ವರ್ಷವೇ ಅವನ ಬಾಳಿನ ಮೊದಲ ದೊಡ್ಡ ಕೆಲಸ ಮುಗಿದಿತ್ತು.

ಎರಡು ಪ್ರಶ್ನೆಗಳು

ಆ ಕೆಲಸ ಏನೆಂದು ತಿಳಿಯಲು ಎಸ್ಸೆಸ್ಸೆಲ್ಸಿಯ ರೇಖಾಗಣಿತವನ್ನು ನೆನೆದರೆ ಸಾಕು. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹಗಳು. ಸಾಧನೆಯ ಪ್ರತಿ ಸಾಲಿನ ಪಕ್ಕದಲ್ಲೂ ಅದು ಹೇಗೆ ಬಂತೆಂದು ಕಾರಣ ಬರೆಯಬೇಕು. ಕಾರಣವಿಲ್ಲದ ಸಾಲಿಗೆ ಅಂಕವಿಲ್ಲ. ಉತ್ತರ ಸರಿಯಾಗಿಯೇ ಇದ್ದರೂ ಹಂತಗಳಿಲ್ಲದಿದ್ದರೆ ಪೂರ್ತಿ ಅಂಕ ಸಿಗುವುದಿಲ್ಲ. ‘ಇದು ಯಾವ ನ್ಯಾಯ?’ ಎಂದು ಮನೆಯಲ್ಲಿ ಹುಡುಗರು ಸಿಡಿಮಿಡಿಗೊಳ್ಳುವುದುಂಟು.

ಇಪ್ಪತ್ತನೆಯ ಶತಮಾನದ ಆರಂಭದ ತರ್ಕಶಾಸ್ತ್ರಜ್ಞರು ಈ ಹಂತಗಳನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡರು. ಪ್ರಶ್ನೆಯಿಲ್ಲದೆ ಒಪ್ಪಬೇಕಾದ ಕೆಲವು ಸ್ವಯಂಸಿದ್ಧ ಸೂತ್ರಗಳು, ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗಲು ಕೆಲವು ನಿಯಮಗಳು. ಇವೆರಡೂ ಸೇರಿದರೆ ಒಂದು ‘ಸಾಧನಾ ಪದ್ಧತಿ’. ‘ಅಲ್ಲ’, ‘ಮತ್ತು’, ‘ಆದರೆ’ ಎಂಬ ಜೋಡಣೆಗಳ ಜೊತೆಗೆ ವಸ್ತುಗಳ ಬಗ್ಗೆ ‘ಎಲ್ಲ’, ‘ಯಾವುದೋ ಒಂದು’ ಎಂಬ ಮಾತುಗಳನ್ನೂ ಬಳಸುವ ತರ್ಕಕ್ಕೆ ಪ್ರಥಮ ಸ್ತರದ ತರ್ಕವೆಂದು ಹೆಸರು. ಗಣಿತದ ಬಹುಪಾಲು ವಾದಗಳನ್ನು ಈ ಭಾಷೆಯಲ್ಲಿ ಬರೆಯಬಹುದು.

ಇಂಥ ಪದ್ಧತಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ಈ ನಿಯಮಗಳನ್ನು ನಂಬಬಹುದೇ? ನಿಜದಿಂದ ಹೊರಟರೆ ಅವು ಎಂದಾದರೂ ಸುಳ್ಳಿಗೆ ಕರೆದೊಯ್ಯುವುದುಂಟೇ? ‘ಮಳೆ ಬಂದರೆ ಬೀದಿ ಒದ್ದೆ. ಮಳೆ ಬಂದಿದೆ. ಆದ್ದರಿಂದ ಬೀದಿ ಒದ್ದೆ.’ ಇದು ಎಲ್ಲಿಯೂ ಕೈಕೊಡುವುದಿಲ್ಲ. ‘ಮಳೆ ಬಂದರೆ ಬೀದಿ ಒದ್ದೆ. ಬೀದಿ ಒದ್ದೆಯಾಗಿದೆ. ಆದ್ದರಿಂದ ಮಳೆ ಬಂದಿದೆ.’ ಇದು ಕೈಕೊಡುತ್ತದೆ. ಬೆಳಗ್ಗೆ ಬೀದಿ ತೊಳೆಯುವ ಗಾಡಿ ಹೋಗಿರಬಹುದು. ಮೊದಲನೆಯಂಥ ನಿಯಮಗಳು ಮಾತ್ರ ಇರುವ ಪದ್ಧತಿಗೆ ‘ನಿರ್ದೋಷ’ ಎನ್ನಬಹುದು. ಕೈಯಿಂದ ಕೈಗೆ ನೀರಿನ ಕೊಡ ದಾಟಿಸುವ ಸಾಲಿನಲ್ಲಿ ಯಾರೊಬ್ಬರೂ ಹನಿ ಚೆಲ್ಲದಿದ್ದರೆ, ನೂರನೆಯವನ ಕೈಗೆ ಬರುವಾಗಲೂ ಕೊಡ ತುಂಬಿಯೇ ಇರುತ್ತದೆ. ನಿರ್ದೋಷತೆಯನ್ನು ಸಾಧಿಸುವುದು ಹೀಗೆಯೇ. ಮೊದಲ ಸಾಲು ಸರಿಯೇ ಎಂದು ನೋಡು, ಪ್ರತಿ ನಿಯಮವೂ ನಿಜವನ್ನು ಉಳಿಸುತ್ತದೆಯೇ ಎಂದು ನೋಡು. ಅಷ್ಟಾದರೆ ಎಷ್ಟು ಉದ್ದದ ಸಾಧನೆಯೂ ಸುರಕ್ಷಿತ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಬಾಯಿಯನ್ನೇ ಬಿಡದವನು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅವನಿಂದ ಪ್ರಯೋಜನವೂ ಇಲ್ಲ. ಹಾಗೆಯೇ ನಿಯಮಗಳೇ ಇಲ್ಲದ ಪದ್ಧತಿಯೂ ನಿರ್ದೋಷವೇ! ಆದ್ದರಿಂದ ಕೇಳಬೇಕಾದದ್ದು: ಪಟ್ಟಿಯಲ್ಲಿರುವ ನಿಯಮಗಳು ಸಾಕೇ? ದತ್ತದಿಂದ ನಿಜವಾಗಿಯೂ ಹೊಮ್ಮುವ ಪ್ರತಿಯೊಂದು ತೀರ್ಮಾನಕ್ಕೂ ಈ ನಿಯಮಗಳಿಂದ ಸಾಧನೆ ಸಿಗುತ್ತದೆಯೇ? ಅಥವಾ ನಿಜವಾಗಿದ್ದರೂ ಯಾವ ಹಂತಗಳಿಗೂ ಎಟುಕದ ತೀರ್ಮಾನಗಳು ಉಳಿದುಬಿಡುತ್ತವೆಯೇ? ಇದು ‘ಪೂರ್ಣತೆ’ಯ ಪ್ರಶ್ನೆ. ಜರ್ಮನಿಯ ಗ್ಯೋಟಿಂಗೆನ್‌ನ ಮಹಾನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಮತ್ತು ಅವರ ಶಿಷ್ಯ ಅಕರ್‌ಮನ್ 1928ರಲ್ಲಿ ಪ್ರಕಟಿಸಿದ ತರ್ಕದ ಪಠ್ಯಪುಸ್ತಕದಲ್ಲಿ ಇದು ಇನ್ನೂ ಉತ್ತರ ಸಿಗದ ಪ್ರಶ್ನೆ ಎಂದು ಬರೆದಿತ್ತು. ಗೋಡೆಲ್ ಆ ಪುಸ್ತಕವನ್ನು ಓದಿದ.

ಕಾಫಿಮನೆಯ ಉದಾಹರಣೆ

ವಿಯೆನ್ನಾದ ಕಾಫಿಮನೆ ಎಂದರೆ ಕಾಫಿ ಕುಡಿದು ಎದ್ದುಹೋಗುವ ಹೋಟೆಲಲ್ಲ. ಒಂದು ಲೋಟ ಕಾಫಿಯ ಜೊತೆ ಒಂದು ಗ್ಲಾಸು ನೀರು ತಂದಿಟ್ಟರೆ, ಮರದ ಚೌಕಟ್ಟಿಗೆ ಸಿಕ್ಕಿಸಿದ ಪತ್ರಿಕೆ ಓದುತ್ತಾ ಗಂಟೆಗಟ್ಟಲೆ ಕೂರಬಹುದು. ಏಳಿ ಎನ್ನುವವರಿಲ್ಲ. ವಿಯೆನ್ನಾ ವೃತ್ತದ ಚರ್ಚೆಗಳು ಬೋಲ್ಟ್ಸ್‌ಮನ್ ಗಾಸ್ಸೆಯಲ್ಲಿ ಮುಗಿಯದೆ ಇಂಥ ಕಾಫಿಮನೆಗಳಲ್ಲಿ ಮುಂದುವರಿಯುತ್ತಿದ್ದವು. ಕಫೆ ಯೋಸೆಫಿನುಮ್, ಕಫೆ ರೈಖ್ಸ್‌ರಾಟ್ ಅಂಥ ಎರಡು ಹೆಸರುಗಳು.

ಆ ಕಾಫಿಮನೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ದತ್ತ: ಎಲ್ಲರೂ ಹೋಗುವ ಒಂದು ಕಾಫಿಮನೆ ಇದೆ. ಸಾಧನೀಯ: ಪ್ರತಿಯೊಬ್ಬರೂ ಯಾವುದಾದರೂ ಒಂದು ಕಾಫಿಮನೆಗೆ ಹೋಗುತ್ತಾರೆ. ಇದು ನಿಜವಾಗಿಯೂ ಹೊಮ್ಮುತ್ತದೆಯೇ? ಒಬ್ಬ ಮೊಂಡುವಾದಿ ಇಲ್ಲವೆನ್ನಲಿ. ದತ್ತ ನಿಜವಾಗಿದ್ದು ಸಾಧನೀಯ ಸುಳ್ಳಾಗಿರುವ ಒಂದು ಊರನ್ನು ಅವನು ಕಟ್ಟಿ ತೋರಿಸಬೇಕು. ಸಾಧನೀಯ ಸುಳ್ಳಾಗಬೇಕಾದರೆ ಯಾವ ಕಾಫಿಮನೆಗೂ ಹೋಗದ ಒಬ್ಬ ಅಲ್ಲಿರಬೇಕು. ಅವನ ಹೆಸರು ಫ್ರಾಂಝ್ ಎಂದಿರಲಿ. ದತ್ತದ ಪ್ರಕಾರ ಎಲ್ಲರೂ ಹೋಗುವ ಒಂದು ಕಾಫಿಮನೆ ಅಲ್ಲಿದೆ. ಎಲ್ಲರೂ ಎಂದ ಮೇಲೆ ಫ್ರಾಂಝ್ ಕೂಡ ಹೋಗುತ್ತಾನೆ. ಮೊಂಡುವಾದಿಯ ಊರು ಕಟ್ಟುವ ಮೊದಲೇ ಕುಸಿಯಿತು. ಆ ಕುಸಿತದ ವಿವರವನ್ನೇ ಸಾಲಾಗಿ ಬರೆದರೆ ಅದು ಸಾಧನೆ.

ಈಗ ತಿರುಗಿಸಿ ನೋಡೋಣ. ದತ್ತ: ಪ್ರತಿಯೊಬ್ಬರೂ ಯಾವುದಾದರೂ ಒಂದು ಕಾಫಿಮನೆಗೆ ಹೋಗುತ್ತಾರೆ. ಸಾಧನೀಯ: ಎಲ್ಲರೂ ಹೋಗುವ ಒಂದು ಕಾಫಿಮನೆ ಇದೆ. ಈ ಸಲ ಮೊಂಡುವಾದಿಗೆ ಕೆಲಸ ಸುಲಭ. ಊರಿನಲ್ಲಿ ಇಬ್ಬರೇ ಜನ. ಅನ್ನಾ ಯೋಸೆಫಿನುಮ್‌ಗೆ ಮಾತ್ರ ಹೋಗುತ್ತಾಳೆ, ಫ್ರಾಂಝ್ ರೈಖ್ಸ್‌ರಾಟ್‌ಗೆ ಮಾತ್ರ. ದತ್ತ ನಿಜ, ಸಾಧನೀಯ ಸುಳ್ಳು. ಇಂಥ ಊರೊಂದು ಇರುವುದರಿಂದ, ನಿರ್ದೋಷವಾದ ಯಾವ ಪದ್ಧತಿಯಲ್ಲೂ ಈ ವಾದಕ್ಕೆ ಸಾಧನೆ ಸಿಗಲಾರದು. ರಾತ್ರಿಯಿಡೀ ಕುಳಿತು ಹುಡುಕಿದರೂ ಅಷ್ಟೇ.

ಮೇಲಿನ ಎರಡು ಪ್ರಸಂಗಗಳಲ್ಲಿ ಒಂದು ಕಡೆ ಸಾಧನೆ ಸಿಕ್ಕಿತು, ಇನ್ನೊಂದು ಕಡೆ ಸುಳ್ಳಾಗಿಸುವ ಊರು ಸಿಕ್ಕಿತು. ಎಲ್ಲ ಸಂದರ್ಭಗಳಲ್ಲೂ ಹೀಗೆಯೇ ಆಗುತ್ತದೆಯೇ? ಸಾಧನೆಯೂ ಇಲ್ಲದ, ಸುಳ್ಳಾಗಿಸುವ ಊರೂ ಇಲ್ಲದ ತ್ರಿಶಂಕು ಸ್ಥಿತಿಯೊಂದು ಇರಬಹುದಲ್ಲವೇ? ‘ಎಲ್ಲ’, ‘ಯಾವುದೋ ಒಂದು’ ಎಂಬ ಮಾತುಗಳಿಲ್ಲದ ಸರಳ ತರ್ಕಕ್ಕೆ ಇದರ ಉತ್ತರ ಮೊದಲೇ ತಿಳಿದಿತ್ತು. ಅಲ್ಲಿ ನಿಜ-ಸುಳ್ಳುಗಳ ಕೋಷ್ಟಕ ಬರೆದರೆ ಮುಗಿಯಿತು. ಹತ್ತು ಹೇಳಿಕೆಗಳಿದ್ದರೆ 1024 ಸಾಲು, ಅಷ್ಟೇ. ಆದರೆ ‘ಎಲ್ಲ’ ಎಂಬ ಮಾತು ಬಂದಾಗ ಪರೀಕ್ಷಿಸಬೇಕಾದ ಊರುಗಳಿಗೆ ಲೆಕ್ಕವೇ ಇಲ್ಲ. ಕೆಲವು ಊರುಗಳಲ್ಲಿ ಅನಂತ ಜನ. ಯಾರೂ ಅವನ್ನೆಲ್ಲ ಒಂದೊಂದಾಗಿ ಸುತ್ತಿ ಬರಲಾರರು. ಸಾಧನೆಯೋ, ಸೀಮಿತ ಹಾಳೆಗಳಲ್ಲಿ ಮುಗಿಯಬೇಕು.

ಗೋಡೆಲ್ ಸಾಧಿಸಿದ್ದು ಇಷ್ಟು: ಪ್ರಥಮ ಸ್ತರದ ತರ್ಕದಲ್ಲಿ ತ್ರಿಶಂಕು ಸ್ಥಿತಿ ಇಲ್ಲವೇ ಇಲ್ಲ. ಅವನ ಯುಕ್ತಿಯ ತಿರುಳನ್ನು ಹೀಗೆ ಹೇಳಬಹುದು. ಮೊಂಡುವಾದಿ ತನ್ನ ಊರನ್ನು ಹಂತಹಂತವಾಗಿ ಕಟ್ಟುತ್ತಾ ಹೋಗಲಿ. ಅವನು ಹಿಡಿಯಬಹುದಾದ ಎಲ್ಲ ದಾರಿಗಳೂ ಯಾವುದೋ ಒಂದು ಹಂತದಲ್ಲಿ ಮುಚ್ಚಿಹೋದರೆ, ಆ ಮುಚ್ಚಿದ ದಾರಿಗಳ ದಾಖಲೆಯೇ ಸಾಧನೆ. ಅದು ಸೀಮಿತ, ಹಾಳೆಯಲ್ಲಿ ಬರೆಯಬಹುದು. ಹಾಗಲ್ಲದೆ ಪ್ರತಿಯೊಂದು ಹಂತದಲ್ಲೂ ಒಂದಾದರೂ ದಾರಿ ತೆರೆದೇ ಇದ್ದರೆ, ಕೊನೆಯಿಲ್ಲದೆ ಮುಂದುವರಿಯುವ ಒಂದು ದಾರಿ ಇದ್ದೇ ಇರುತ್ತದೆ. ಆ ದಾರಿಯಲ್ಲಿ ಸೇರಿಸಿದ ಜನರನ್ನು, ಸಂಬಂಧಗಳನ್ನು ಒಟ್ಟುಗೂಡಿಸಿದರೆ ಅದೇ ಸಾಧನೀಯವನ್ನು ಸುಳ್ಳಾಗಿಸುವ ಊರು. 1949ರಲ್ಲಿ ಅಮೆರಿಕದ ಲಿಯಾನ್ ಹೆಂಕಿನ್ ಇದೇ ಪ್ರಮೇಯಕ್ಕೆ ಇನ್ನೊಂದು ಸುಲಭ ಸಾಧನೆ ಕೊಟ್ಟರು. ಅದರಲ್ಲಿ ಭಾಷೆಯ ಹೆಸರುಗಳನ್ನೇ ಆ ಊರಿನ ನಿವಾಸಿಗಳನ್ನಾಗಿ ಮಾಡಿಕೊಳ್ಳಲಾಗುತ್ತದೆ. ಇಂದು ಬಹುತೇಕ ಕಾಲೇಜುಗಳಲ್ಲಿ ಕಲಿಸುವುದು ಆ ದಾರಿಯನ್ನು.

ವಿದ್ಯಾರ್ಥಿಗೆ ಸಿಗುವ ಭರವಸೆ ಇದೇ. ತೀರ್ಮಾನ ದತ್ತದಿಂದ ನಿಜವಾಗಿಯೂ ಹೊಮ್ಮುವುದಾದರೆ, ಕಾರಣಸಹಿತವಾದ ಹಂತಗಳು ಇದ್ದೇ ಇವೆ. ಯಾರೋ ಒಬ್ಬ ಮೇಧಾವಿಗೆ ಮಾತ್ರ ಹೊಳೆದು, ಬರೆದು ತೋರಿಸಲು ಆಗದೇ ಉಳಿಯುವ ಗುಟ್ಟು ಇಲ್ಲಿಲ್ಲ. ಆದರೆ ಇದ್ದೇ ಇದೆ ಎನ್ನುವುದಕ್ಕೂ ನಾಳೆಯೇ ಸಿಗುತ್ತದೆ ಎನ್ನುವುದಕ್ಕೂ ಅಂತರವಿದೆ. ಸಾಧನೆಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಪರೀಕ್ಷಿಸುತ್ತಾ ಹೋದರೆ, ಇರುವ ಸಾಧನೆ ಎಂದಾದರೂ ಸಿಗುತ್ತದೆ. ಇಲ್ಲದಿದ್ದರೆ? ‘ಇಲ್ಲ’ ಎಂದು ಪ್ರತಿಸಲವೂ ಖಚಿತವಾಗಿ ಹೇಳಿಬಿಡುವ ಯಾಂತ್ರಿಕ ವಿಧಾನ ಇರಲಾರದೆಂದು 1936ರಲ್ಲಿ ಅಮೆರಿಕದ ಅಲೋಂಝೊ ಚರ್ಚ್, ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಬೇರೆಬೇರೆಯಾಗಿ ತೋರಿಸಿದರು. ಆದ್ದರಿಂದ ‘ಇನ್ನೂ ಸಿಕ್ಕಿಲ್ಲ’ ಎಂಬುದನ್ನು ‘ಇಲ್ಲ’ ಎಂದು ತಿಳಿಯಬಾರದು. ಮಕ್ಕಳ ಬಗ್ಗೆ ಬೇಗನೆ ತೀರ್ಪು ಕೊಡುವ ಹಿರಿಯರಿಗೂ ಈ ಮಾತು ಅನ್ವಯಿಸೀತು.

ಏಳು ಸೇತುವೆಗಳ ಊರು

1930ರ ಆಗಸ್ಟ್ 26ರಂದು ಕಫೆ ರೈಖ್ಸ್‌ರಾಟ್‌ನಲ್ಲಿ ಕಾರ್ನಾಪ್, ಗೋಡೆಲ್ ಮತ್ತಿತರ ಗೆಳೆಯರು ಸೇರಿದರು. ಮುಂದಿನ ವಾರ ಒಂದು ಸಮ್ಮೇಳನಕ್ಕೆ ಹೊರಡುವುದಿತ್ತು. ಪ್ರಯಾಣದ ಮಾತು ಮುಗಿದ ಮೇಲೆ ಗೋಡೆಲ್ ತನ್ನ ಹೊಸ ಶೋಧವೊಂದರ ಬಗ್ಗೆ ಹೇಳಿದ. ಕಾರ್ನಾಪ್ ಅದನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡರು.

ಸಮ್ಮೇಳನ ನಡೆದದ್ದು ಬಾಲ್ಟಿಕ್ ಸಮುದ್ರದ ಬಳಿಯ ಕೋನಿಗ್ಸ್‌ಬರ್ಗ್‌ನಲ್ಲಿ. ಆಗ ಅದು ಜರ್ಮನಿಯ ಊರು. ಎರಡನೆಯ ಮಹಾಯುದ್ಧದಲ್ಲಿ ನಾಶವಾಗಿ, 1946ರಲ್ಲಿ ಕಲಿನಿನ್‌ಗ್ರಾಡ್ ಎಂದು ಹೆಸರು ಬದಲಾಗಿ, ಈಗ ರಷ್ಯಾಕ್ಕೆ ಸೇರಿದೆ. ತತ್ವಜ್ಞಾನಿ ಕಾಂಟ್‌ನ ಸಮಾಧಿ ಅಲ್ಲಿನ ಹಳೆಯ ಚರ್ಚಿನ ಗೋಡೆಗೆ ಒತ್ತಿಕೊಂಡಿದೆ. ಗಣಿತ ಬಲ್ಲವರಿಗೆ ಈ ಊರು ಏಳು ಸೇತುವೆಗಳಿಂದ ಪರಿಚಿತ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬ ಒಗಟಿಗೆ ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಉತ್ತರ ಕೊಟ್ಟ. ನದಿ ಬೇರ್ಪಡಿಸಿದ ನಾಲ್ಕು ನೆಲಗಳಿಗೂ ಸೇರುವ ಸೇತುವೆಗಳ ಸಂಖ್ಯೆ ಬೆಸ. ಒಂದಕ್ಕೆ ಐದು, ಉಳಿದ ಮೂರಕ್ಕೆ ತಲಾ ಮೂರು. ಬೆಸ ಸಂಖ್ಯೆಯ ನೆಲಗಳು ಎರಡಕ್ಕಿಂತ ಹೆಚ್ಚಾದರೆ ಅಂಥ ದಾರಿ ಅಸಾಧ್ಯ. ದಾರಿ ಸಿಗುತ್ತಿಲ್ಲ ಎಂಬ ದೂರನ್ನು, ದಾರಿ ಇರಲಾರದು ಎಂಬ ಸಾಧನೆಯಾಗಿ ಬದಲಿಸಿದ ಊರು ಇದು.

1930ರ ಸೆಪ್ಟೆಂಬರ್ 6ರಂದು 24 ವರ್ಷದ ಗೋಡೆಲ್ ಇಪ್ಪತ್ತು ನಿಮಿಷ ಮಾತನಾಡಿ ತನ್ನ ಪೂರ್ಣತಾ ಪ್ರಮೇಯವನ್ನು ಮಂಡಿಸಿದ. ಮರುದಿನ ಕೊನೆಯ ಚರ್ಚೆಯಲ್ಲಿ ಎದ್ದು, ಕಾಫಿಮನೆಯಲ್ಲಿ ಹೇಳಿದ್ದ ವಿಷಯವನ್ನು ಸೌಮ್ಯವಾಗಿ ನುಡಿದ. ಅಂಕಗಣಿತಕ್ಕೆ ಬೇಕಾದಷ್ಟು ಶಕ್ತವಾದ, ವಿರೋಧಾಭಾಸವಿಲ್ಲದ ಯಾವುದೇ ಸ್ವಯಂಸಿದ್ಧಗಳ ಪಟ್ಟಿಯನ್ನು ಕೊಟ್ಟರೂ, ಸಂಖ್ಯೆಗಳ ಬಗ್ಗೆ ನಿಜವಾಗಿದ್ದು ಆ ಪಟ್ಟಿಯಿಂದ ಸಾಧಿಸಲಾಗದ ಹೇಳಿಕೆ ಉಳಿಯುತ್ತದೆ ಎಂಬುದು ಅದರ ಸಾರ. ಇದೇ 1931ರಲ್ಲಿ ಪ್ರಕಟವಾದ ಪ್ರಸಿದ್ಧ ಅಪೂರ್ಣತಾ ಪ್ರಮೇಯ. ಅದರ ಮಹತ್ವ ತಕ್ಷಣ ಹೊಳೆದದ್ದು ಸಭೆಯಲ್ಲಿದ್ದ ಜಾನ್ ಫಾನ್ ನಾಯ್‌ಮನ್‌ಗೆ. ಸಭೆ ಮುಗಿದೊಡನೆ ಗೋಡೆಲ್‌ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಅದರ ಮರುದಿನ, ಸೆಪ್ಟೆಂಬರ್ 8ರಂದು, ಅದೇ ಊರಿನ ಇನ್ನೊಂದು ಸಭೆಯಲ್ಲಿ ಹಿಲ್ಬರ್ಟ್ ಭಾಷಣ ಮಾಡಿದರು. ತಿಳಿಯಲಾಗದ್ದು ಎಂಬುದೊಂದು ಗಣಿತದಲ್ಲಿ ಇಲ್ಲ, ತಿಳಿಯಲೇಬೇಕು, ತಿಳಿದೇ ತಿಳಿಯುತ್ತೇವೆ ಎಂಬುದು ಅವರ ಘೋಷಣೆ. ಹಿಂದಿನ ದಿನ ಅದೇ ಊರಿನಲ್ಲಿ ಆಗಿಹೋದದ್ದು ಅವರಿಗೆ ತಿಳಿದಿರಲಿಲ್ಲ.

ಒಬ್ಬನೇ ಮನುಷ್ಯ ಒಂದು ದಿನ ಪೂರ್ಣತೆ, ಮರುದಿನ ಅಪೂರ್ಣತೆ ಎಂದರೆ ಹೇಗೆ? ವಿದ್ಯಾರ್ಥಿಗಳಷ್ಟೇ ಅಲ್ಲ, ದೊಡ್ಡವರೂ ಇಲ್ಲಿ ಎಡವುತ್ತಾರೆ. ಮೊದಲನೆಯದು ನಿಯಮಗಳ ಬಗ್ಗೆ, ಎರಡನೆಯದು ದತ್ತದ ಬಗ್ಗೆ. ದತ್ತವನ್ನು ಪಾಲಿಸುವ ಎಲ್ಲ ಊರುಗಳಲ್ಲೂ ನಿಜವಾದದ್ದಕ್ಕೆ ಸಾಧನೆ ಇದ್ದೇ ಇದೆ, ಇದು ಪೂರ್ಣತೆ. ಆದರೆ ಸಂಖ್ಯೆಗಳ ಬಗ್ಗೆ ಸ್ವಯಂಸಿದ್ಧಗಳ ಪಟ್ಟಿಯೊಂದನ್ನು ಬರೆದರೆ, ಅದನ್ನು ಪಾಲಿಸುವ ಊರು 0, 1, 2, 3 ಎಂಬ ಪರಿಚಿತ ಊರು ಮಾತ್ರವಲ್ಲ. ಅದೇ ಪಟ್ಟಿಗೆ ಒಪ್ಪುವ ವಿಚಿತ್ರ ಊರುಗಳೂ ಇರುತ್ತವೆ. ಗೋಡೆಲ್‌ನ ಹೇಳಿಕೆ ಪರಿಚಿತ ಊರಿನಲ್ಲಿ ನಿಜ, ಯಾವುದೋ ವಿಚಿತ್ರ ಊರಿನಲ್ಲಿ ಸುಳ್ಳು. ಎಲ್ಲ ಊರುಗಳಲ್ಲೂ ನಿಜವಲ್ಲದ್ದಕ್ಕೆ ಸಾಧನೆ ಇಲ್ಲದಿರುವುದು ನ್ಯಾಯವೇ. ಕೊರತೆ ಇರುವುದು ತರ್ಕದ ಹಂತಗಳಲ್ಲಲ್ಲ. ಸಂಖ್ಯೆಗಳ ಬಗೆಗಿನ ಇಂಥ ಯಾವ ಪಟ್ಟಿಯೂ ತಾನು ಹೇಳಹೊರಟ ಲೋಕವನ್ನು ಪೂರ್ತಿಯಾಗಿ ಹಿಡಿಯುತ್ತಿಲ್ಲ, ಅಷ್ಟೇ.

ರಕ್ತ ಬಿದ್ದ ಮೆಟ್ಟಿಲು

ವಿಯೆನ್ನಾಕ್ಕೆ ಮರಳಿದರೆ, ವಿಶ್ವವಿದ್ಯಾನಿಲಯದ ಮುಖ್ಯ ಕಟ್ಟಡದ ಒಳಗೆ ಇನ್ನೊಂದು ಜಾಗವಿದೆ. ಕಟ್ಟಡದ ನಡುವೆ ಕಂಬಸಾಲುಗಳ ದೊಡ್ಡ ಅಂಗಳ, ಸುತ್ತಲೂ ಹಿಂದಿನ ವಿದ್ವಾಂಸರ ಪ್ರತಿಮೆಗಳು. ಒಳಗೆ ಮೇಲೇರುವ ಮೆಟ್ಟಿಲುಗಳ ಒಂದೆಡೆ ನೆಲದಲ್ಲಿ ಒಂದು ಬರಹವಿದೆ. 1936ರ ಜೂನ್ 22ರ ಬೆಳಗ್ಗೆ ಪಾಠಕ್ಕೆ ಹೋಗುತ್ತಿದ್ದ ಪ್ರಾಧ್ಯಾಪಕ ಶ್ಲಿಕ್‌ರನ್ನು ಅವರ ಹಳೆಯ ವಿದ್ಯಾರ್ಥಿಯೊಬ್ಬ ಇಲ್ಲಿಯೇ ಗುಂಡಿಟ್ಟು ಕೊಂದ. ಕೊಲೆಗಾರನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಆದರೆ 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ನಂತರ ಅವನನ್ನು ಅವಧಿಗೆ ಮೊದಲೇ ಬಿಟ್ಟುಬಿಟ್ಟರು. ಹಾನ್ 1934ರಲ್ಲೇ ತೀರಿಕೊಂಡಿದ್ದರು, ಕಾರ್ನಾಪ್ ಅಮೆರಿಕ ಸೇರಿದ್ದರು. ಗುರುವಾರದ ಕೊಠಡಿ ಖಾಲಿಯಾಯಿತು.

ಶ್ಲಿಕ್‌ರ ಕೊಲೆಯಿಂದ ಗೋಡೆಲ್ ಮಾನಸಿಕವಾಗಿ ಕುಸಿದುಹೋದ. ಆಸ್ಪತ್ರೆ ಸೇರಬೇಕಾಯಿತು. ಯಾರೋ ವಿಷವಿಕ್ಕುತ್ತಾರೆಂಬ ಭಯ ಆಗಿನಿಂದಲೇ ಅವನನ್ನು ಕಾಡತೊಡಗಿತು. 1938ರಲ್ಲಿ ಅವನ ಕೈಹಿಡಿದ ಅಡೆಲೆ, ಗಂಡನ ಊಟವನ್ನು ತಾನೇ ಮೊದಲು ರುಚಿ ನೋಡಿ ಬಡಿಸುತ್ತಿದ್ದಳು. 1939ರಲ್ಲಿ ಬೀದಿಯಲ್ಲಿ ನಾಜಿ ಪುಂಡರು ಅವನನ್ನು ಯೆಹೂದಿಯೆಂದು ತಪ್ಪು ತಿಳಿದು ಮೇಲೆ ಬಿದ್ದಾಗ, ಕೊಡೆಯಿಂದ ಹೊಡೆದು ಅವರನ್ನು ಓಡಿಸಿದವಳೂ ಅಡೆಲೆಯೇ. 1940ರ ಜನವರಿಯಲ್ಲಿ ದಂಪತಿಗಳು ವಿಯೆನ್ನಾ ಬಿಟ್ಟರು. ಅಟ್ಲಾಂಟಿಕ್ ಸಾಗರದಲ್ಲಿ ಯುದ್ಧದ ಅಪಾಯವಿದ್ದುದರಿಂದ ಸೈಬೀರಿಯಾದ ರೈಲಿನಲ್ಲಿ ಇಡೀ ಏಷ್ಯಾ ದಾಟಿ, ಜಪಾನಿನಿಂದ ಹಡಗು ಹತ್ತಿ, ಮಾರ್ಚ್ ತಿಂಗಳಲ್ಲಿ ಅಮೆರಿಕ ತಲುಪಿದರು. ಗೋಡೆಲ್ ಮತ್ತೆಂದೂ ಯುರೋಪಿಗೆ ಕಾಲಿಡಲಿಲ್ಲ.

ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್‌ರ ನೆಚ್ಚಿನ ಒಡನಾಡಿಯಾಗಿ, ದಿನವೂ ಅವರ ಜೊತೆ ನಡೆದು ಮನೆಗೆ ಹೋಗುತ್ತಿದ್ದ ಗೋಡೆಲ್‌ನ ಕೊನೆ ಮಾತ್ರ ದಾರುಣ. 1977ರಲ್ಲಿ ಅಡೆಲೆ ಆಸ್ಪತ್ರೆ ಸೇರಿದಾಗ, ಅವಳು ಕೊಡದ ಊಟವನ್ನು ನಂಬಲಾರದೆ ಅವನು ಉಣ್ಣುವುದನ್ನೇ ಬಿಟ್ಟ. 1978ರ ಜನವರಿ 14ರಂದು ಪ್ರಾಣ ಬಿಟ್ಟಾಗ ಅವನ ತೂಕ ಸುಮಾರು 30 ಕಿಲೋ.

ಇದು ರೋಗ. ರೋಗಿಯನ್ನು ಹಳಿಯುವುದು ತರವಲ್ಲ. ಆದರೂ ಅವನದೇ ಶಾಸ್ತ್ರದ ಒಂದು ಪಾಠ ಇಲ್ಲಿ ನೆನಪಾಗದೆ ಇರದು. ನಿರ್ದೋಷತೆ ಕೊಡುವ ಮಾತು ಷರತ್ತಿನ ಮಾತು. ನಿಜದಿಂದ ಹೊರಟರೆ ನಿಜವನ್ನೇ ತಲುಪುತ್ತೀರಿ ಎಂದಷ್ಟೇ ಅದು ಹೇಳುತ್ತದೆ. ಹೊರಟದ್ದು ನಿಜವೇ ಎಂದು ಅದು ನೋಡುವುದಿಲ್ಲ. ‘ಊಟದಲ್ಲಿ ವಿಷವಿದೆ’ ಎಂಬುದು ದತ್ತವಾದರೆ ‘ಉಣ್ಣಬಾರದು’ ಎಂಬ ತೀರ್ಮಾನದ ಹಂತದಲ್ಲಿ ಯಾವ ತಪ್ಪೂ ಇಲ್ಲ. ದತ್ತವನ್ನು ಪರೀಕ್ಷಿಸಲು ತರ್ಕದ ಹೊರಗಿನ ಕಣ್ಣು ಬೇಕು. ಅವನ ಪಾಲಿಗೆ ಆ ಕಣ್ಣು ಅಡೆಲೆಯ ಮೊದಲ ತುತ್ತಾಗಿತ್ತು.

ಮೆಟ್ಟಿಲಿಳಿದು

ಬೋಲ್ಟ್ಸ್‌ಮನ್ ಗಾಸ್ಸೆಯ ಪಕ್ಕದಲ್ಲೇ ಸ್ಟ್ರುಡ್ಲ್‌ಹೋಫ್ ಎಂಬ ಚೆಲುವಾದ ಮೆಟ್ಟಿಲುಗಳಿವೆ. 1910ರಲ್ಲಿ ಕಟ್ಟಿದವು. ಎತ್ತರದ ಬೀದಿಯಿಂದ ತಗ್ಗಿನ ಬೀದಿಗೆ ಅಂಕುಡೊಂಕಾಗಿ ಇಳಿಯುವ ಅವುಗಳ ನಡುವೆ ಸಣ್ಣದೊಂದು ಕಾರಂಜಿ. ಅವನ್ನಿಳಿದು ಹತ್ತು ನಿಮಿಷ ನಡೆದರೆ ಓಸ್ಕರ್ ಮೊರ್ಗೆನ್‌ಸ್ಟರ್ನ್ ಚೌಕ. ವಿಯೆನ್ನಾದ ಗಣಿತ ವಿಭಾಗ 2013ರಲ್ಲಿ ಇಲ್ಲಿಗೆ ಬಂದಿದೆ. ಮೊರ್ಗೆನ್‌ಸ್ಟರ್ನ್ ಅರ್ಥಶಾಸ್ತ್ರಜ್ಞರು, ವಿಯೆನ್ನಾದಲ್ಲಿ ಬೆಳೆದು ಅಮೆರಿಕ ಸೇರಿದವರು, ಕೊನೆಯವರೆಗೂ ಗೋಡೆಲ್‌ನ ಕಷ್ಟಸುಖ ವಿಚಾರಿಸುತ್ತಿದ್ದ ಗೆಳೆಯ. ಅವರು 1977ರ ಜುಲೈಯಲ್ಲಿ ತೀರಿಕೊಂಡ ಆರು ತಿಂಗಳೊಳಗೆ ಗೋಡೆಲ್ ಕೂಡ ಇರಲಿಲ್ಲ.

ಗೆಳೆಯನ ಹೆಸರಿನ ಚೌಕದಲ್ಲಿರುವ ಆ ವಿಭಾಗಕ್ಕೆ ಗೋಡೆಲ್‌ನ ಹೆಸರಿನ ತರ್ಕ ಸಂಶೋಧನಾ ಕೇಂದ್ರವೂ ಸೇರಿದೆ. ತರ್ಕ ಕಲಿಯಲು ಬರುವ ಹುಡುಗ ಹುಡುಗಿಯರು ಅವನು 23ನೆಯ ವಯಸ್ಸಿನಲ್ಲಿ ಸಾಧಿಸಿದ ಪ್ರಮೇಯವನ್ನು ತಮ್ಮ ಪಠ್ಯದಲ್ಲಿ ಓದುತ್ತಾರೆ, ಸಾಲಿನ ಪಕ್ಕ ಸಾಲಿನ ಕಾರಣ ಬರೆಯುತ್ತಾರೆ. ನಡುವೆ ಒಂದು ಹಂತ ಬಿಟ್ಟುಹೋದರೆ ಅಲ್ಲಿಯೂ ಅಂಕ ಕಡಿಮೆಯೇ.